ಎರಡು ನುಡಿಯ ಶಾಲೆ

(ನಮ್ಮ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣದ ವಿಷಯವಾಗಿ ಮಾತನಾಡಲು ನಾನು ಶಿಕ್ಷಕನೂ ಅಲ್ಲ, ಪಂಡಿತನೂ ಅಲ್ಲ. ಮೆಟ್ರಿಕ್ಕಿನವರೆಗೆ ಓದಿ, ಹೊಟ್ಟೆಪಾಡಿಗೆ ಈ ಊರಿಗೆ ಬಂದು, ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ ಬರೆಯುತ್ತಿರುವವನು. ಸಂಜೆ ಇಲ್ಲಿ ಪತ್ರಿಕೆಗಳನ್ನು ಮೇಜಿನ ಮೇಲೆ ಇಡುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ, ಓದಲು ಬಂದವರ ಮಾತು ತಾನಾಗಿ ಕಿವಿಗೆ ಬೀಳುತ್ತದೆ. ಈಚೆಗೆ ಬೀಳುವ ಮಾತು ಹೆಚ್ಚಾಗಿ ಒಂದೇ. ಮಗುವನ್ನು ಯಾವ ಮಾಧ್ಯಮದ ಶಾಲೆಗೆ ಹಾಕುವುದು? ಈಗಾಗಲೇ ಹಾಕಿದವರದು ಇನ್ನೊಂದು ಚಿಂತೆ. “ಮನೆಯಲ್ಲಿ ನಿಮ್ಮ ಭಾಷೆ ಬಿಟ್ಟುಬಿಡಿ, ಇಂಗ್ಲಿಷಿನಲ್ಲಿಯೇ ಮಾತನಾಡಿಸಿ, ಇಲ್ಲವಾದರೆ ಮಗು ಹಿಂದೆ ಬೀಳುತ್ತದೆ” ಎಂದು ಶಾಲೆಯ ಟೀಚರು ತಾಯಿಗೆ ಹೇಳಿ ಕಳಿಸಿರುತ್ತಾರೆ. ಆ ತಾಯಿಗೆ ಬರುವ ಇಂಗ್ಲಿಷು ‘ಕಮ್’, ‘ಸಿಟ್’, ‘ಈಟ್’ ಇಷ್ಟೇ. ಮೂರು ಶಬ್ದಗಳಲ್ಲಿ ಮಗುವನ್ನು ಸಾಕುವುದು ಹೇಗೆ ಎಂದು ಅವರು ಕೇಳಿದರೆ ನಾವು ಉತ್ತರ ಕೊಡಬೇಕಾಗುತ್ತದೆ.

ಒಂದೇ ಶಾಲೆಯಲ್ಲಿ ಎರಡು ಭಾಷೆಗಳಲ್ಲಿ ಪಾಠ ಹೇಳುವ ಪದ್ಧತಿಯನ್ನು ಬೇರೆ ದೇಶಗಳಲ್ಲಿ ಅರುವತ್ತು ವರ್ಷಗಳಿಂದ ನಡೆಸಿ, ಮಕ್ಕಳ ಕಲಿಕೆಯನ್ನು ಅಳೆದು ನೋಡಿದ್ದಾರೆ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬುದು ಈಗ ಬಹುಮಟ್ಟಿಗೆ ಗೊತ್ತಾಗಿದೆ. ಆ ವಿಷಯವನ್ನು ಓದಿ ತಿಳಿದಷ್ಟು ತಮ್ಮ ಮುಂದೆ ಇಡುತ್ತೇನೆ.

ಮೊದಲು ಕೆನಡಾ ದೇಶದ ಸಂಗತಿ. ಅಲ್ಲಿಯ ಕ್ವಿಬೆಕ್ ಪ್ರಾಂತದಲ್ಲಿ ಬಹುಸಂಖ್ಯೆಯ ಜನರ ಮಾತು ಫ್ರೆಂಚ್. ಆದರೆ ದೊಡ್ಡ ವ್ಯಾಪಾರ, ಕಾರಖಾನೆ, ಬ್ಯಾಂಕುಗಳ ಮೇಲಿನ ಹುದ್ದೆಗಳಲ್ಲಿ ಬಹುಕಾಲ ಇಂಗ್ಲಿಷ್ ಮಾತಿನವರೇ ಕೂತಿದ್ದರು. ಅವರ ಮಕ್ಕಳು ಶಾಲೆಯಲ್ಲಿ ದಿನಕ್ಕಿಷ್ಟು ಹೊತ್ತು ಫ್ರೆಂಚ್ ಪಾಠ ಓದುತ್ತಿದ್ದರು. ಶಾಲೆ ಮುಗಿದರೂ ನೆರೆಯವನೊಡನೆ ಫ್ರೆಂಚಿನಲ್ಲಿ ನಾಲ್ಕು ಮಾತಾಡಲು ತಡವರಿಸುತ್ತಿದ್ದರು. 1960ರ ದಶಕದಲ್ಲಿ ಗಾಳಿ ತಿರುಗಿತು. ಫ್ರೆಂಚ್ ಜನರು ತಮ್ಮ ಭಾಷೆಗೆ ಸಲ್ಲಬೇಕಾದ ಸ್ಥಾನವನ್ನು ಗಟ್ಟಿಯಾಗಿ ಕೇಳತೊಡಗಿದರು. ಆಗ ಮಾಂಟ್ರಿಯಲ್ ನಗರದಿಂದ ನದಿಯಾಚೆಗಿರುವ ಸೇಂಟ್ ಲ್ಯಾಂಬರ್ಟ್ ಎಂಬ ಊರಿನ ಕೆಲವು ಇಂಗ್ಲಿಷ್ ತಾಯಿತಂದೆಗಳು 1963ರಲ್ಲಿ ಒಟ್ಟುಗೂಡಿ, ನಮ್ಮ ಮಕ್ಕಳಿಗೆ ಫ್ರೆಂಚಿನಲ್ಲಿಯೇ ಪಾಠ ಹೇಳಿರಿ ಎಂದು ಶಾಲಾ ಮಂಡಳಿಯ ಬೆನ್ನುಹತ್ತಿದರು. ಮಂಡಳಿಗೆ ಮನಸ್ಸಿರಲಿಲ್ಲ. ಅಂತೂ 1965ರ ಸೆಪ್ಟೆಂಬರಿನಲ್ಲಿ ಒಂದೇ ಒಂದು ಶಿಶು ತರಗತಿ ತೆರೆಯಿತು. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವಾಲೆಸ್ ಲ್ಯಾಂಬರ್ಟ್ ಎಂಬ ಮನೋವಿಜ್ಞಾನಿಗಳು ಆ ಮಕ್ಕಳನ್ನು ವರ್ಷ ವರ್ಷವೂ ಪರೀಕ್ಷಿಸಿದರು. ಊರಿನ ಹೆಸರೂ ಅವರ ಹೆಸರೂ ಒಂದೇ ಆದದ್ದು ಆಕಸ್ಮಿಕ, ಅಷ್ಟೆ.

ಆ ತರಗತಿಯಲ್ಲಿ ಗುರುಗಳು ಮೊದಲ ದಿನದಿಂದಲೂ ಫ್ರೆಂಚಿನಲ್ಲಿಯೇ ಮಾತನಾಡಿದರು. ಓದುಬರಹವನ್ನು ಮೊದಲು ಕಲಿಸಿದ್ದು ಫ್ರೆಂಚಿನಲ್ಲಿ, ಲೆಕ್ಕವೂ ಅದರಲ್ಲಿಯೇ. ಇಂಗ್ಲಿಷ್ ಓದು ಎರಡನೆಯ ಇಯತ್ತೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತಿನಂತೆ ಬಂದು, ಮೇಲಿನ ಇಯತ್ತೆಗಳಲ್ಲಿ ಬೆಳೆಯುತ್ತ ಹೋಯಿತು. ಒಂದು ಮಾತನ್ನು ಮಾತ್ರ ಗಮನಿಸಬೇಕು. ಶಿಶು ತರಗತಿಯ ಮಗು ಇಂಗ್ಲಿಷಿನಲ್ಲಿ ನೀರು ಕೇಳಿದರೆ ಯಾರೂ ಗದರಿಸಲಿಲ್ಲ, ದಂಡ ಹಾಕಲಿಲ್ಲ. ಗುರುಗಳಿಗೆ ಮಗುವಿನ ಭಾಷೆ ತಿಳಿಯುತ್ತಿತ್ತು. ಅವರ ಉತ್ತರ ಮಾತ್ರ ಫ್ರೆಂಚಿನಲ್ಲಿರುತ್ತಿತ್ತು.

ಏಳು ವರ್ಷಗಳ ಮೇಲೆ, 1972ರಲ್ಲಿ, ಲ್ಯಾಂಬರ್ಟರೂ ಅವರ ಸಹೋದ್ಯೋಗಿ ರಿಚರ್ಡ್ ಟಕರರೂ ಕೂಡಿ ಈ ಪ್ರಯೋಗದ ಬಗ್ಗೆ ಪುಸ್ತಕವನ್ನೇ ಬರೆದರು. ಮೊದಲ ಇಯತ್ತೆಯಲ್ಲಿ ಈ ಮಕ್ಕಳು ಇಂಗ್ಲಿಷ್ ಓದಿನಲ್ಲಿ ಬೇರೆ ಇಂಗ್ಲಿಷ್ ಮಕ್ಕಳಿಗಿಂತ ಹಿಂದಿದ್ದರು. ಇಂಗ್ಲಿಷ್ ಪಾಠ ಸುರುವಾದ ಮೇಲೆ ಒಂದೆರಡು ವರ್ಷಗಳಲ್ಲಿ ಸರಿಸಮಕ್ಕೆ ಬಂದರು. ಲೆಕ್ಕದಲ್ಲಿ ಹಿಂದೆ ಬೀಳಲಿಲ್ಲ. ಫ್ರೆಂಚನ್ನಂತೂ ಸಾಮಾನ್ಯ ಶಾಲೆಯ ಮಕ್ಕಳು ಕನಸಿನಲ್ಲಿಯೂ ಕಾಣದಷ್ಟು ಕಲಿತರು. ಇಂದು ಕೆನಡಾದಲ್ಲಿ ಈ ಬಗೆಯ ತರಗತಿಗಳಲ್ಲಿ ಓದುವ ಮಕ್ಕಳು ನಾಲ್ಕು ಲಕ್ಷಕ್ಕೂ ಮಿಕ್ಕಿದ್ದಾರೆ.

ಇದನ್ನು ಕೇಳಿ ತಮ್ಮಲ್ಲಿ ಕೆಲವರು, “ನೋಡಿದಿರಾ, ಬೇರೆ ಭಾಷೆಯ ಶಾಲೆಗೆ ಹಾಕಿದರೆ ನಷ್ಟವೇನೂ ಇಲ್ಲವಂತೆ, ನಮ್ಮ ಮಗುವೂ ಇಂಗ್ಲಿಷಿನಲ್ಲಿ ಮುಳುಗಿ ಏಳಲಿ” ಎನ್ನಬಹುದು. ದಯವಿಟ್ಟು ಸ್ವಲ್ಪ ತಾಳಬೇಕು.

ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಬಂದವರು ಈ ಸಭೆಯಲ್ಲಿ ಎಷ್ಟೋ ಜನ ಇದ್ದೀರಿ. ತಮ್ಮಲ್ಲಿ ಅನೇಕರು ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಕನ್ನಡ ಓದಿದವರು. ಒಂದನೆಯ ಇಯತ್ತೆಯ ಮೊದಲ ದಿನ ಮಾಸ್ಟ್ರ ಕನ್ನಡ ಪೂರ್ತಿ ತಿಳಿಯದೆ ಪಕ್ಕದ ಹುಡುಗನ ಮುಖ ನೋಡಿದ ನೆನಪು ಕೆಲವರಿಗಾದರೂ ಇರಬೇಕು. ಆದರೂ ಕನ್ನಡ ಕಲಿತಿರಿ; ಪತ್ರಿಕೆ ಓದುತ್ತೀರಿ, ಊರಿಗೆ ಕಾಗದ ಬರೆಯುತ್ತೀರಿ. ತುಳು ಹೋಯಿತೆ? ಹೋಗಲಿಲ್ಲ. ಗದ್ದೆಯಲ್ಲಿ ತುಳು, ಬಸ್ಸಿನಲ್ಲಿ ತುಳು, ಸಂತೆಯಲ್ಲಿ ತುಳು, ಕೋಲ ನಡೆದಲ್ಲಿ ತುಳು. ಮಾಸ್ಟ್ರಿಗೂ ಹೆಚ್ಚಾಗಿ ತುಳು ಬರುತ್ತಿತ್ತು. ಶಾಲೆ ಕಲಿಸದಿದ್ದರೂ ಊರೇ ಆ ಭಾಷೆಯನ್ನು ಸಾಕುತ್ತಿತ್ತು. ಸೇಂಟ್ ಲ್ಯಾಂಬರ್ಟಿನ ಇಂಗ್ಲಿಷ್ ಮಗುವಿಗೂ ಇದೇ ಬಲವಿತ್ತು. ಮನೆಯಲ್ಲಿ, ರೇಡಿಯೋದಲ್ಲಿ, ಸಿನೇಮಾದಲ್ಲಿ, ತಂದೆಯ ಕಚೇರಿಯಲ್ಲಿ, ಇಡೀ ಉತ್ತರ ಅಮೆರಿಕದಲ್ಲಿ ಅದರ ಭಾಷೆಯೇ ದೊರೆಯಾಗಿತ್ತು. ಶಾಲೆಯಲ್ಲಿ ಎರಡು ವರ್ಷ ಫ್ರೆಂಚೇ ಇದ್ದರೂ ಇಂಗ್ಲಿಷಿಗೆ ಕುಂದು ಬರುವ ಭಯವಿರಲಿಲ್ಲ.

ಈ ಊರಿನಲ್ಲಿ ನಮ್ಮ ಮಗುವಿಗೆ ಕನ್ನಡ ಎಲ್ಲಿದೆ? ಚಾಳಿನ ಅಂಗಳದಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಕೈಯಲ್ಲಿಯ ಮೊಬೈಲಿನಲ್ಲಿ ಮತ್ತೆ ಹಿಂದಿ. ಉಳಿದದ್ದು ಅಡಿಗೆಮನೆಯ ಕನ್ನಡ ಒಂದೇ. ಅದನ್ನೂ ಟೀಚರು ಬಿಡಿ ಎನ್ನುತ್ತಾರೆ.

ಲ್ಯಾಂಬರ್ಟರು ಮುಂದೆ ಇದಕ್ಕೆ ಎರಡು ಹೆಸರು ಕೊಟ್ಟರು. ಇದ್ದ ಭಾಷೆಗೆ ಇನ್ನೊಂದನ್ನು ಸೇರಿಸುವುದು ಕೂಡಿಸುವ ಕಲಿಕೆ. ಇದ್ದುದನ್ನು ಕಿತ್ತು ಆ ಜಾಗದಲ್ಲಿ ಇನ್ನೊಂದನ್ನು ಇಡುವುದು ಕಳೆಯುವ ಕಲಿಕೆ. ಲೆಕ್ಕದ ಗುಮಾಸ್ತನಾದ ನನಗೆ ಈ ಹೆಸರುಗಳು ಕೂಡಲೇ ಮನಸ್ಸಿಗೆ ಹಿಡಿದವು. ಊರಿನ ಕೆರೆಯಲ್ಲಿ ಈಜು ಕಲಿಸುವಾಗ ಒಣಗಿದ ತೆಂಗಿನಕಾಯಿ ಎರಡನ್ನು ಜೋಡಿಸಿ ಹುಡುಗನಿಗೆ ಕಟ್ಟುತ್ತಾರಲ್ಲ, ಮನೆಯ ಭಾಷೆ ಹಾಗೆ. ಕಾಯಿ ಕಟ್ಟಿ ನೀರಿಗೆ ಇಳಿಸುವುದಕ್ಕೂ, ಬಿಚ್ಚಿ ತಳ್ಳುವುದಕ್ಕೂ ಇರುವ ವ್ಯತ್ಯಾಸ ತಮಗೆ ಗೊತ್ತಿದೆ. ನಮ್ಮ ಇಂಗ್ಲಿಷ್ ಶಾಲೆಗಳಲ್ಲಿ ಹೆಚ್ಚಾಗಿ ನಡೆಯುವುದು ಎರಡನೆಯದು. ಅದಕ್ಕೆ ಸೇಂಟ್ ಲ್ಯಾಂಬರ್ಟಿನ ಸಾಕ್ಷಿ ಹೇಳಿದರೆ ಸಲ್ಲುವುದಿಲ್ಲ.

ಹಾಗಾದರೆ ಬೇರೆ ದೇಶಕ್ಕೆ ವಲಸೆ ಬಂದ ಜನರ ಮಕ್ಕಳಿಗೆ, ಎಂದರೆ ನಮ್ಮಂಥವರ ಮಕ್ಕಳಿಗೆ, ಯಾವುದು ನಡೆಯಿತು? ಇದಕ್ಕೆ ಅಮೆರಿಕದ ಮಯಾಮಿ ಊರಿಗೆ ಹೋಗಬೇಕು. 1959ರಲ್ಲಿ ಕ್ಯೂಬಾ ದೇಶದಲ್ಲಿ ಕ್ರಾಂತಿಯಾಗಿ, ಸಾವಿರಾರು ಕುಟುಂಬಗಳು ಸಮುದ್ರ ದಾಟಿ ಮಯಾಮಿಗೆ ಬಂದವು. ಅವರ ಮಾತು ಸ್ಪ್ಯಾನಿಶ್. ಇಂದಲ್ಲ ನಾಳೆ ತಮ್ಮ ದೇಶಕ್ಕೆ ಮರಳುತ್ತೇವೆ ಎಂಬ ಆಸೆ ಅವರಿಗೆ. (ಇನ್ನೆರಡು ವರ್ಷಕ್ಕೆ ಊರಿಗೆ ಹೋಗಿಬಿಡುತ್ತೇವೆ ಎಂದು ಇಪ್ಪತ್ತು ವರ್ಷಗಳಿಂದ ಹೇಳುತ್ತಿರುವ ನಮ್ಮವರೂ ಇದ್ದಾರೆ.) 1963ರಲ್ಲಿ ಅಲ್ಲಿಯ ಕೋರಲ್ ವೇ ಎಂಬ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಫೋರ್ಡ್ ಪ್ರತಿಷ್ಠಾನದ ಧನಸಹಾಯದಿಂದ ಹೊಸ ಏರ್ಪಾಡು ಸುರುವಾಯಿತು. ಸ್ಪ್ಯಾನಿಶ್ ಮನೆಯ ಮಕ್ಕಳೂ ಇಂಗ್ಲಿಷ್ ಮನೆಯ ಮಕ್ಕಳೂ ಸುಮಾರು ಅರ್ಧರ್ಧ. ದಿನದ ಒಂದು ಪಾಲು ಅವರವರ ಭಾಷೆಯಲ್ಲಿ ಪಾಠ; ಇನ್ನೊಂದು ಪಾಲಿನಲ್ಲಿ ಅದೇ ವಿಷಯವನ್ನು ಮತ್ತೊಂದು ಭಾಷೆಯಲ್ಲಿ ಬಲಪಡಿಸುವುದು. ಊಟ, ಹಾಡು, ಚಿತ್ರ, ಆಟ ಎಲ್ಲರಿಗೂ ಒಟ್ಟಿಗೆ. ಕ್ಯೂಬಾದಲ್ಲಿ ಶಿಕ್ಷಕರಾಗಿದ್ದು ಇಲ್ಲಿ ಬರಿಗೈಯಲ್ಲಿ ಬಂದಿಳಿದವರಿಗೆ ಅದೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ಶಾಲೆ ಇಂದಿಗೂ ಎರಡು ಭಾಷೆಗಳಲ್ಲಿ ನಡೆಯುತ್ತಿದೆ.

ಕೋರಲ್ ವೇ ಶಾಲೆಯ ಒಂದು ಗುಣವನ್ನು ನಾನು ಮೇಲಾಗಿ ಎಣಿಸುತ್ತೇನೆ. ಬೆಳಿಗ್ಗೆ ಇಂಗ್ಲಿಷ್ ಹುಡುಗ ಜಾಣನಾದರೆ, ಮಧ್ಯಾಹ್ನ ಸ್ಪ್ಯಾನಿಶ್ ಹುಡುಗಿ ಅವನಿಗೆ ಹೇಳಿಕೊಡುವವಳಾಗುತ್ತಿದ್ದಳು. ವಲಸೆ ಬಂದವರ ಮಗು ತರಗತಿಯಲ್ಲಿ ಯಾವಾಗಲೂ ‘ಬಾರದವನು’ ಆಗಿ ಕೂರಲಿಲ್ಲ. ಎರಡು ಗುಂಪಿನ ಮಕ್ಕಳೂ ಇರುವ ಇಂಥ ತರಗತಿಯಲ್ಲಿ ಯಾವ ಗುಂಪೂ ಮೂರನೆಯ ಒಂದು ಪಾಲಿಗಿಂತ ಕಡಿಮೆಯಾಗಬಾರದು ಎಂದು ಬಲ್ಲವರು ಹೇಳುವುದು ಇದಕ್ಕಾಗಿಯೇ ಇರಬೇಕು.

ಆ ಮೇಲೆ ಅಮೆರಿಕದಲ್ಲಿ ಇಂಥ ಶಾಲೆಗಳು ಬೇಕಾದಷ್ಟಾದವು. ಎಲ್ಲವೂ ಚೆನ್ನಾಗಿ ನಡೆಯಲಿಲ್ಲ. ಕೆಲವು ಕಡೆ ಮೊದಲು ನೂರಕ್ಕೆ ತೊಂಬತ್ತು ಪಾಲು ಚಿಕ್ಕ ಭಾಷೆ, ಹತ್ತು ಪಾಲು ಇಂಗ್ಲಿಷ್ ಇಟ್ಟು, ಮೇಲಕ್ಕೆ ಹೋದಂತೆ ಅರ್ಧರ್ಧಕ್ಕೆ ತರುತ್ತಾರೆ. ಕೆಲವು ಕಡೆ ಮೊದಲಿನಿಂದಲೇ ಅರ್ಧರ್ಧ. ಎರಡೂ ನಡೆಯುತ್ತವೆ. ಚಿಕ್ಕ ಭಾಷೆಯ ಪಾಲು ಅರ್ಧಕ್ಕಿಂತ ಕಡಿಮೆಯಾದಲ್ಲಿ ಮಾತ್ರ ಅದು ಹಬ್ಬದ ದಿನ ಹಾಡುವ ಹಾಡಿನಷ್ಟಕ್ಕೆ ಇಳಿಯುತ್ತದೆ.

ಎಷ್ಟು ಕಾಲ ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1980ರ ಆಸುಪಾಸಿನಲ್ಲಿ ವಲಸೆಗಾರರ ಮಕ್ಕಳನ್ನು ನೋಡಿ ಒಂದು ವಿಷಯ ತೋರಿಸಿಕೊಟ್ಟರು. ಹೊಸ ಭಾಷೆಯಲ್ಲಿ ಆಡುವ ಮಾತು ಸುಮಾರು ಎರಡು ವರ್ಷಗಳಲ್ಲಿ ಬರುತ್ತದೆ. ಆ ಭಾಷೆಯಲ್ಲಿ ಪಾಠದ ಪುಸ್ತಕ ಓದಿ, ಅರ್ಥಮಾಡಿಕೊಂಡು, ಕಾರಣ ಕೊಟ್ಟು ಬರೆಯುವ ಶಕ್ತಿ ಅಲ್ಲಿಯ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಇದನ್ನು ನಾವು ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಗಿರಣಿಗೆ ಸೇರಿದ ವರ್ಷದೊಳಗೆ ನಮ್ಮವರು ಖಾತೆಯಲ್ಲಿ ಹಿಂದಿ, ಮರಾಠಿ ಎರಡರಲ್ಲೂ ಜಗಳವಾಡುವಷ್ಟು ತಯಾರಾಗುತ್ತಾರೆ. ಅದೇ ಜನ ಹತ್ತು ವರ್ಷದ ಮೇಲೆ ಪ್ರಾವಿಡೆಂಟ್ ಫಂಡಿನ ಅರ್ಜಿ ಬರೆಯಬೇಕಾದಾಗ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ಮಾತು ಬೇರೆ, ಅರ್ಜಿ ಬೇರೆ.

ಆದ್ದರಿಂದ ಮೂರನೆಯ ಇಯತ್ತೆಯ ಮಗು ಪಟಪಟನೆ ಇಂಗ್ಲಿಷಿನಲ್ಲಿ ಮಾತಾಡಿತೆಂದು ಹಿಗ್ಗಿ, ಇನ್ನು ಮನೆಯ ಭಾಷೆಯ ಆಧಾರ ಬೇಡವೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ವರ್ಜೀನಿಯಾದ ಥಾಮಸ್ ಮತ್ತು ಕಾಲಿಯರ್ ಎಂಬಿಬ್ಬರು ಲಕ್ಷಗಟ್ಟಲೆ ವಿದ್ಯಾರ್ಥಿಗಳ ಫಲಿತಾಂಶಗಳನ್ನು ಕೂಡಿಸಿ 1997ರಲ್ಲಿಯೂ 2002ರಲ್ಲಿಯೂ ವರದಿ ಕೊಟ್ಟರು. ಇಂಗ್ಲಿಷನ್ನೇ ಹೇಳಿಕೊಟ್ಟ ವಲಸೆ ಮಕ್ಕಳು ಕೆಳಗಿನ ಇಯತ್ತೆಗಳಲ್ಲಿ ಬೇಗ ಏರಿದರು. ಪಾಠ ಕಠಿಣವಾದ ಮೇಲಿನ ಇಯತ್ತೆಗಳಲ್ಲಿ ಹಿಂದೆ ಬಿದ್ದರು. ಎರಡು ಭಾಷೆಗಳಲ್ಲಿ ಐದಾರು ವರ್ಷ ಓದಿದವರು ನಿಧಾನವಾಗಿ ಬಂದು ಕೊನೆಯಲ್ಲಿ ಮುಂದೆ ನಿಂತರು.

ಇಲ್ಲಿ ಒಂದು ಸಂದೇಹ ಏಳುತ್ತದೆ, ನನಗೂ ಎದ್ದಿತ್ತು. ಇಂಥ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಿತಂದೆಗಳು ಮೊದಲೇ ಕಾಳಜಿಯುಳ್ಳವರು. ಅವರ ಮಕ್ಕಳು ಎಲ್ಲಿ ಓದಿದರೂ ಮುಂದೆ ಬರುತ್ತಿದ್ದರಲ್ಲವೆ? ಇದಕ್ಕೆ ಉತ್ತರ ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನಲ್ಲಿ ಸಿಕ್ಕಿತು. ಅಲ್ಲಿ ಇಂಥ ತರಗತಿಗಳಿಗೆ ಜಾಗಕ್ಕಿಂತ ಅರ್ಜಿಗಳು ಹೆಚ್ಚಾಗಿ, ಚೀಟಿ ಎತ್ತಿ ಪ್ರವೇಶ ಕೊಡುತ್ತಿದ್ದರು. ಕಾಳಜಿಯುಳ್ಳ ತಾಯಿತಂದೆಗಳು ಎರಡು ಕಡೆಯೂ ಇದ್ದರು. ಚೀಟಿ ಬಂದ ಮಕ್ಕಳನ್ನೂ ಬಾರದ ಮಕ್ಕಳನ್ನೂ ಹೋಲಿಸಿ ನೋಡಿದರು. 2015ರಲ್ಲಿ ಹೊರಬಂದ ಫಲವೆಂದರೆ, ಚೀಟಿ ಬಂದವರು ಐದನೆಯ ಇಯತ್ತೆಯ ಹೊತ್ತಿಗೆ ಇಂಗ್ಲಿಷ್ ಓದಿನಲ್ಲಿಯೇ ಸುಮಾರು ಏಳು ತಿಂಗಳ ಕಲಿಕೆಯಷ್ಟು, ಎಂಟನೆಯ ಇಯತ್ತೆಯ ಹೊತ್ತಿಗೆ ಒಂಬತ್ತು ತಿಂಗಳಷ್ಟು ಮುಂದಿದ್ದರು. ಲೆಕ್ಕ, ವಿಜ್ಞಾನಗಳಲ್ಲಿ ನಷ್ಟವಾಗಿರಲಿಲ್ಲ. ಬೇರೆ ಭಾಷೆಯಲ್ಲಿ ಪಾಠ ಓದಿಯೂ ಇಂಗ್ಲಿಷಿನಲ್ಲಿ ಮುಂದೆ! ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಎನ್ನುವ ಟೀಚರಿಗೆ ತಾಯಂದಿರು ಇದನ್ನು ಮರ್ಯಾದೆಯಿಂದಲೇ ತಿಳಿಸಬಹುದು.

ಇನ್ನು ತರಗತಿಯ ಒಳಗೆ ಪಾಠ ಹೇಗಿರಬೇಕು? ಎರಡು ಮಾತು ಹೇಳುತ್ತೇನೆ. ಒಂದು, ಭಾಷೆಗಳನ್ನು ಕಲಸಬಾರದು. ಒಂದು ವಾಕ್ಯ ಈ ಭಾಷೆಯಲ್ಲಿ ಹೇಳಿ, ಕೂಡಲೇ ಅದನ್ನು ಆ ಭಾಷೆಯಲ್ಲಿ ಹೇಳಿದರೆ, ತನ್ನ ಸರದಿ ಬರುವ ತನಕ ಮಗು ಕಿವಿ ಮುಚ್ಚಿಕೊಂಡು ಕೂರುತ್ತದೆ. ಇದರ ಹೊತ್ತು ಇದಕ್ಕೆ, ಅದರ ಹೊತ್ತು ಅದಕ್ಕೆ. ಇನ್ನೊಂದು ಮಾತನ್ನು ಕೆನಡಾದ ಮೆರಿಲ್ ಸ್ವೇನ್ ಎಂಬ ವಿದುಷಿ 1985ರಲ್ಲಿ ಬರೆದರು. ಫ್ರೆಂಚ್ ತರಗತಿಗಳಲ್ಲಿ ವರ್ಷಗಟ್ಟಲೆ ಓದಿದ ಮಕ್ಕಳು ಕೇಳಿ ತಿಳಿಯುವುದರಲ್ಲಿ ಫ್ರೆಂಚ್ ಮಕ್ಕಳ ಹತ್ತಿರಕ್ಕೆ ಬಂದಿದ್ದರು. ಬಾಯಿ ತೆರೆದರೆ, ಲೇಖನಿ ಹಿಡಿದರೆ ತಪ್ಪುಗಳು ಬಹಳ. ಕಾರಣ ಹುಡುಕಿದಾಗ, ತರಗತಿಯಲ್ಲಿ ಮಾತಾಡುವವರು ಗುರುಗಳೇ. ಮಕ್ಕಳ ಪಾಲಿಗೆ ಒಂದೆರಡು ಶಬ್ದದ ಉತ್ತರ ಮಾತ್ರ. ಉದ್ದವಾಗಿ, ತಡೆದು ತಡೆದು, ಶಬ್ದ ಹುಡುಕಿ ಮಾತನಾಡುವ ಅವಶ್ಯಕತೆಯೇ ಅವರಿಗೆ ಬಂದಿರಲಿಲ್ಲ. ನಮ್ಮ ಮನೆಗಳಲ್ಲಿ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಡುವ ಮಕ್ಕಳು ಇದೇ ಜಾತಿಯವರು. “ಅವನಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಆಡುವುದಿಲ್ಲ ಅಷ್ಟೆ” ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆಡದ ಆ ಮಗು ತನ್ನ ಮಕ್ಕಳಿಗೆ ಯಾವ ಕನ್ನಡ ಕೊಡಬೇಕು?

ಇಂಥ ಒಳ್ಳೆಯ ಶಾಲೆಗಳಲ್ಲಿಯೂ ಆಟದ ಬಿಡುವಿನಲ್ಲಿ ಮಕ್ಕಳು ದೊಡ್ಡ ಭಾಷೆಗೇ ಜಾರುತ್ತಾರೆ ಎಂಬುದನ್ನು ಮುಚ್ಚಿಡಬಾರದು. ಮಯಾಮಿ, ಷಿಕಾಗೋ ಎಲ್ಲಿಯೂ ಇದೇ ಕಥೆ. ಹಾಗೆಯೇ ರಾಜಕಾರಣವೂ ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ಎರಡು ಭಾಷೆಯ ಪಾಠವನ್ನು ಬಹುಮಟ್ಟಿಗೆ ಕಟ್ಟಿಹಾಕಿದರು. 2016ರಲ್ಲಿ ಅದೇ ಮತದಾರರು ಆ ಕಟ್ಟು ಬಿಚ್ಚಿದರು. ಮಧ್ಯದ ಹದಿನೆಂಟು ವರ್ಷಗಳಲ್ಲಿ ಶಾಲೆ ಮುಗಿಸಿದ ಮಕ್ಕಳ ವಿಷಯ ಯಾರು ಕೇಳಬೇಕು?

ನಮ್ಮ ಊರಿಗೆ ಬರೋಣ. ನಮ್ಮ ಸಂವಿಧಾನದಲ್ಲಿ 1956ರಲ್ಲಿ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಪಾಠದ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಮುಂಬಯಿ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ದಶಕಗಳ ಕಾಲ ನಡೆಸಿಕೊಂಡು ಬಂದದ್ದು ಸಣ್ಣ ಮಾತಲ್ಲ. ಆದರೆ ಅಲ್ಲಿಯ ಬೆಂಚುಗಳು ಬರಿದಾಗುತ್ತಿರುವುದು ನಮ್ಮಿಂದಲೇ. ನಮ್ಮ ಮಕ್ಕಳು ಅಲ್ಲಿಲ್ಲ. ಇಂಗ್ಲಿಷ್ ಬೇಕೆನ್ನುವ ಗುಮಾಸ್ತನನ್ನು ನಾನು ದೂಷಿಸಲಾರೆ, ನೌಕರಿಯ ಜಾಹೀರಾತು ನಾನೂ ಓದುತ್ತೇನೆ. ಮಹಾರಾಷ್ಟ್ರದ 2020ರ ಕಾಯಿದೆಯಂತೆ ಮರಾಠಿಯನ್ನೂ ಎಲ್ಲ ಶಾಲೆಗಳಲ್ಲಿ ಕಲಿಯಲೇಬೇಕು. ಈ ಮಣ್ಣಿನ ಅನ್ನ ತಿನ್ನುವವರು ಅದನ್ನು ಕಲಿಯುವುದು ಧರ್ಮವೇ. ಕನ್ನಡ ಇಂಗ್ಲಿಷ್ ಅರ್ಧರ್ಧ ನಡೆಯುವ ಶಾಲೆಯೊಂದು ನಮ್ಮ ಕೇರಿಯಲ್ಲಿ ಏಳುವ ತನಕ ಆ ಅರ್ಧವನ್ನು ಹೊರಬೇಕಾದವರು ಮನೆಯವರು ಮತ್ತು ಈ ವಾಚನಾಲಯ.

ನಮ್ಮ ಭಾನುವಾರದ ಕನ್ನಡ ವರ್ಗದ ವಿಷಯ ಅದಕ್ಕೇ ಎತ್ತಿದ್ದೇನೆ. ಈಗ ವಾರಕ್ಕೆ ಒಂದು ತಾಸು ಅ, ಆ, ಇ, ಈ ತಿದ್ದಿಸುತ್ತೇವೆ. ಮಕ್ಕಳು ಆಕಳಿಸುತ್ತಾರೆ. ಸೇಂಟ್ ಲ್ಯಾಂಬರ್ಟಿನ ತಾಯಂದಿರು ಬೇಸತ್ತದ್ದು ಇಂಥ ತುಣುಕು ಪಾಠದಿಂದಲೇ. ಅಕ್ಷರ ಬೇಕು, ಬಿಡುವುದು ಬೇಡ. ಅದರ ಜೊತೆಗೆ ಕನ್ನಡದಲ್ಲಿ ಬೇರೆ ಏನನ್ನಾದರೂ ಕಲಿಸೋಣ. ಶಾಲೆಯ ಲೆಕ್ಕವನ್ನೇ ತರಲಿ. ಭಿನ್ನರಾಶಿಯನ್ನು ಕನ್ನಡದಲ್ಲಿ ಬಿಡಿಸೋಣ. ನಕ್ಷೆ ಹರಡಿ, ಊರಿಗೆ ಹೋಗುವ ರೈಲು ಯಾವ ಯಾವ ನದಿ ದಾಟುತ್ತದೆ ಎಂದು ಅವರಿಂದ ಹೇಳಿಸೋಣ. ವಾರದ ಸುದ್ದಿಯನ್ನು ಹುಡುಗನೊಬ್ಬ ಎದ್ದು ನಿಂತು ಐದು ನಿಮಿಷ ಹೇಳಲಿ. ತಡವರಿಸಿದರೆ ಕಾಯೋಣ, ನಡುವೆ ಬಾಯಿ ಹಾಕುವುದು ಬೇಡ. ಇಂಗ್ಲಿಷ್ ಶಬ್ದ ಬಂದರೆ ದಂಡ ಬೇಡ, ನಗೆಯೂ ಬೇಡ. ಒಂದು ತಾಸಿನ ಬದಲು ಎರಡೂವರೆ ತಾಸು, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆ. ಮರಾಠಿ, ತಮಿಳು ಮನೆಯ ನೆರೆಯ ಮಕ್ಕಳು ಬರುತ್ತೇವೆಂದರೆ ಖಂಡಿತ ಬರಲಿ. ಅವರಿಗೆ ಹೇಳಿಕೊಡುವಾಗ ನಮ್ಮವರ ಬಾಯಿ ತೆರೆಯುತ್ತದೆ.

ಊರಿನಿಂದ ಬಂದಿರುವ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ವಾರಕ್ಕೊಬ್ಬರನ್ನು ಕಳಿಸಿಕೊಡಿ, ಅವರಿಗೆ ಇಂಗ್ಲಿಷ್ ಬಾರದಿರುವುದು ಇಲ್ಲಿ ದೊಡ್ಡ ಅನುಕೂಲ. ರಾತ್ರಿ ಪಾಳಿಯವರು ಭಾನುವಾರ ನಿದ್ದೆಗೆಟ್ಟು ಬರಬೇಕೆಂದು ನಾನು ಕೇಳುವುದಿಲ್ಲ. ಹಗಲು ಪಾಳಿಯವರಲ್ಲಿ ಆರು ಜನ ಹೆಸರು ಕೊಟ್ಟರೆ ಸರದಿ ಹಚ್ಚಬಹುದು. ಎರಡು ಹೆಸರು ಈಗಾಗಲೇ ಬಂದಿವೆ. ಅಳತೆ ತೂಕದ ಪಾಠಕ್ಕೆ ಒಂದು ತಕ್ಕಡಿ ಬೇಕಾಗಿದೆ. ಯಾರ ಅಂಗಡಿಯಲ್ಲಾದರೂ ಹಳೆಯದು ಬಿದ್ದಿದ್ದರೆ, ಬಟ್ಟುಗಳ ಸಹಿತ, ಶನಿವಾರ ಸಂಜೆಯೊಳಗೆ ತಲಪಿಸಬೇಕಾಗಿ ವಿನಂತಿ.